ಕೆಟ್ಟ ಯಂತ್ರವನ್ನು ಓದುವುದು ಹೇಗೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಇಂದು ನಾಣ್ಯ ಹಾಕಿ ಆಡುವ ಆಟದ ಯಂತ್ರಗಳ ರಿಪೇರಿಯ ಬಗ್ಗೆ ಮಾತಾಡಲು ನಿಂತಿದ್ದಾರೆಂದರೆ ನಿಮಗೆ ಆಶ್ಚರ್ಯವಾಗುವುದು ಸಹಜ. ವಿಷಯ ಕೇಳಿದಾಗ ನಮ್ಮ ಕಾರ್ಯದರ್ಶಿಗಳೂ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ನನ್ನ ಉತ್ತರ ಇಷ್ಟೇ. ನನ್ನ ವೃತ್ತಿ ಓದಲು ಕಲಿಸುವುದು. ಆದರೆ ಓದು ಎಂಬುದು ಅಕ್ಷರಗಳಿಗೆ ಮಾತ್ರ ಸೇರಿದ್ದಲ್ಲ. ಹಕೀಮರು ನಾಡಿ ಹಿಡಿದು ಓದುತ್ತಾರೆ. ರೈತ ಮೋಡವನ್ನು ಓದುತ್ತಾನೆ. ಕೆಟ್ಟು ನಿಂತ ಯಂತ್ರವನ್ನೂ ಓದಬೇಕಾಗುತ್ತದೆ. ಆ ಓದನ್ನು ನಾವು ನಮ್ಮ ಮಕ್ಕಳಿಗೆ ಕಲಿಸುತ್ತಿದ್ದೇವೆಯೇ ಎಂಬುದೇ ಇಂದಿನ ಪ್ರಶ್ನೆ.

ಈ ವಿಷಯ ನನಗೆ ಸಿಕ್ಕಿದ್ದು ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಎಸ್ಸೆಸ್ಸೆಲ್ಸಿಯಲ್ಲಿ ಸಾಧಾರಣ ಅಂಕ, ನಂತರ ಐಟಿಐ, ನಂತರ ಗಲ್ಫ್. ಈಗ ಅಲ್ಲಿನ ಒಂದು ಮಾಲ್‌ನಲ್ಲಿರುವ ಆಟದ ಸಭಾಂಗಣದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ರಜೆಯಲ್ಲಿ ಬಂದಾಗ ಒಂದು ಯಂತ್ರದ ಕೈಪಿಡಿಯನ್ನು ತಂದಿದ್ದ. ಅದರಲ್ಲಿನ ಕೆಲವು ಇಂಗ್ಲಿಷ್ ವಾಕ್ಯಗಳ ಅರ್ಥ ಕೇಳಲು ಬಂದವನು, ಮೂರು ಸಂಜೆ ಕೂತು ನನಗೇ ಯಂತ್ರದ ಪಾಠ ಹೇಳಿಕೊಟ್ಟ. ಆ ಮೇಲೆ ನಾನೂ ಆಸಕ್ತಿಯಿಂದ ಓದಿದೆ. ಅದರ ಸಾರವನ್ನು ನಿಮ್ಮ ಮುಂದಿಡುತ್ತೇನೆ.

ಪಿನ್‌ಬಾಲ್ ಎಂದರೇನು?

ಒಂದು ಮೇಜು. ಆಡುವವನ ಕಡೆಗೆ ಸ್ವಲ್ಪ ಇಳಿಜಾರು. ಮೇಲೆ ಗಾಜು. ಒಳಗೆ ಸುಮಾರು 27 ಮಿಲಿಮೀಟರ್ ಅಗಲದ, 80 ಗ್ರಾಂ ತೂಕದ ಒಂದು ಉಕ್ಕಿನ ಗುಂಡು. ಸ್ಪ್ರಿಂಗ್ ಇರುವ ಹಿಡಿಯನ್ನು ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹಾರುತ್ತದೆ. ದಾರಿಯಲ್ಲಿ ಸಿಕ್ಕ ಗುರಿಗಳಿಗೆ ಬಡಿದು ಅಂಕ ಗಳಿಸುತ್ತ ಕೆಳಗಿಳಿಯುತ್ತದೆ. ಕೆಳಗೆ ಎರಡು ಚಿಕ್ಕ ರೆಕ್ಕೆಗಳಿವೆ. ಪಕ್ಕದ ಗುಂಡಿ ಒತ್ತಿದರೆ ರೆಕ್ಕೆ ಎದ್ದು ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಈ ರೆಕ್ಕೆಗಳಿಗೆ ಫ್ಲಿಪ್ಪರ್ ಎಂದು ಹೆಸರು.

ಇದರ ತವರು ಅಮೆರಿಕ. ಸ್ಪ್ರಿಂಗ್ ಹಿಡಿಗೆ ಮಾಂಟೇಗ್ ರೆಡ್‌ಗ್ರೇವ್ ಎಂಬಾತ 1871ರಲ್ಲಿ ಪೇಟೆಂಟ್ ಪಡೆದ. 1931ರಲ್ಲಿ ಷಿಕಾಗೋದ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ ಯಂತ್ರ ತಂದ. ಮರುವರ್ಷ ರೇಮಂಡ್ ಮೊಲೋನಿ ‘ಬ್ಯಾಲಿಹೂ’ ತಂದ. ಬ್ಯಾಲಿ ಕಂಪನಿಗೆ ಹೆಸರು ಬಂದದ್ದು ಅದರಿಂದಲೇ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಒಂದು ಸೆಂಟ್ ನಾಣ್ಯಕ್ಕೆ ಸಿಗುತ್ತಿದ್ದ ಮನರಂಜನೆ ಇದು. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ.

ಇಲ್ಲಿ ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು: ಇದು ಜೂಜಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಫ್ಲಿಪ್ಪರ್ ಇಲ್ಲದ ಕಾಲದಲ್ಲಿ ಗುಂಡು ಎಲ್ಲಿ ಬೀಳುತ್ತದೆಂಬುದು ಹೆಚ್ಚುಕಡಿಮೆ ಅದೃಷ್ಟದ ಮಾತಾಗಿತ್ತು. ಕೆಲವು ಯಂತ್ರಗಳು ಹಣವನ್ನೂ ಕೊಡುತ್ತಿದ್ದವು. 1942ರಲ್ಲಿ ನ್ಯೂಯಾರ್ಕ್ ನಗರ ಇವನ್ನು ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರ ಒಡೆದರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಲೇಖಕ ನಗರಸಭೆಯ ಸಮಿತಿಯ ಎದುರು ಆಡಿ ತೋರಿಸಿದರು. ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಕಳಿಸಿದರು. ಇದು ಕೌಶಲದ ಆಟವೆಂದು ಒಪ್ಪಿ ನಿಷೇಧ ತೆಗೆಯಲಾಯಿತು. ನನ್ನ ಮಾತು ಆಟದ ಬಗ್ಗೆ ಅಲ್ಲ. ನಿಮ್ಮ ಮಕ್ಕಳನ್ನು ಆಟದ ಅಂಗಡಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಗಾಜಿನ ಮೇಲೆ ನಿಂತು ಆಡುವವನನ್ನು ಬಿಟ್ಟು, ಗಾಜು ತೆಗೆದು ಒಳಗೆ ನೋಡುವವನ ಕಡೆಗೆ ಬನ್ನಿ.

ಮೊದಲ ಪಾಠ: ಸರಳವಾದದ್ದನ್ನು ಮೊದಲು ನೋಡು

1972ರ ಘಟನೆ. ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಆಂಡಿ ಕ್ಯಾಪ್ಸ್ ಎಂಬ ಮದ್ಯದಂಗಡಿಯಲ್ಲಿ ಅಟಾರಿ ಕಂಪನಿ ‘ಪಾಂಗ್’ ಎಂಬ ತನ್ನ ಹೊಸ ವಿಡಿಯೋ ಆಟದ ಮಾದರಿ ಯಂತ್ರವನ್ನು ಪರೀಕ್ಷೆಗೆ ಇಟ್ಟಿತ್ತು. ಕೆಲವೇ ದಿನಗಳಲ್ಲಿ ಯಂತ್ರ ನಿಂತಿತೆಂದು ದೂರು ಬಂತು. ಅದನ್ನು ರಚಿಸಿದ್ದ ಇಂಜಿನಿಯರ್ ಅಲನ್ ಆಲ್ಕಾರ್ನ್ ತಾವೇ ಬಂದರು. ಹೊಸ ವಿನ್ಯಾಸ, ಒಳಗೆ ಹತ್ತಾರು ಚಿಪ್ಪುಗಳು. ಎಲ್ಲಿ ಏನು ಸುಟ್ಟಿದೆಯೋ ಎಂದು ಯಾರಿಗಾದರೂ ಆತಂಕವಾಗುತ್ತದೆ. ನೋಡಿದರೆ ಏನೂ ಸುಟ್ಟಿರಲಿಲ್ಲ. ನಾಣ್ಯ ಬೀಳುವ ಜಾಗ ತುಂಬಿ ತುಳುಕಿ, ಹೊಸ ನಾಣ್ಯ ಒಳಗೆ ಹೋಗಲು ದಾರಿಯೇ ಇರಲಿಲ್ಲ! ಮುಂದೆ ದೊಡ್ಡ ಉದ್ಯಮವಾಗಿ ಬೆಳೆದ ವಿಡಿಯೋ ಆಟದ ಮೊದಲ ದಿನಗಳ ರಿಪೇರಿ ಕಥೆ ಇದು. ಎಷ್ಟು ದೊಡ್ಡ ಇಂಜಿನಿಯರಾದರೂ ಮೊದಲು ಡಬ್ಬ ತೆರೆದು ನೋಡಬೇಕು.

ನಾಣ್ಯದ ಬಾಯಿ ಅಷ್ಟು ಮುಖ್ಯ. ನಮ್ಮ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರ, ಅಂಗಡಿಗಳ ಮುಂದೆ ನೇತುಹಾಕಿದ್ದ ಒಂದು ರೂಪಾಯಿ ನಾಣ್ಯದ ಫೋನ್ ಪೆಟ್ಟಿಗೆ, ಇವನ್ನು ಹಿರಿಯರು ನೆನಪಿಸಿಕೊಳ್ಳಿ. ಇಂಥ ಯಂತ್ರ ನಾಣ್ಯವನ್ನು ಹೇಗೆ ಗುರುತಿಸುತ್ತದೆ? ಅಮೆರಿಕದ ಹಳೆಯ ಆಟದ ಯಂತ್ರದಲ್ಲಿ ಅದಕ್ಕೆ ಕಣ್ಣೂ ಇಲ್ಲ, ಕಂಪ್ಯೂಟರೂ ಇಲ್ಲ. ಅಲ್ಲಿನ ಕಾಲು ಡಾಲರ್ ನಾಣ್ಯದ ಅಗಲ 24.26 ಮಿಲಿಮೀಟರ್, ತೂಕ 5.67 ಗ್ರಾಂ. ಅಗಲ ಹೆಚ್ಚಾದರೆ ಬಾಯಿಯೊಳಗೆ ಹೋಗುವುದಿಲ್ಲ. ಕಡಿಮೆಯಾದರೆ ತೊಟ್ಟಿಲಿನಂಥ ಹಿಡಿಕೆಯಿಂದ ಜಾರಿ ಹೊರಬೀಳುತ್ತದೆ. ತೂಕ ಸಾಲದಿದ್ದರೆ ತೊಟ್ಟಿಲು ವಾಲುವುದೇ ಇಲ್ಲ. ಇಷ್ಟು ದಾಟಿದ ನಾಣ್ಯ ಒಂದು ಅಯಸ್ಕಾಂತದ ಪಕ್ಕದಲ್ಲಿ ಉರುಳುತ್ತದೆ. ಕಬ್ಬಿಣದ ಬಿಲ್ಲೆಯಾದರೆ ಅಲ್ಲೇ ಅಂಟಿಕೊಳ್ಳುತ್ತದೆ. ತಾಮ್ರ ನಿಕ್ಕಲ್‌ನ ನಿಜವಾದ ನಾಣ್ಯ ಅಂಟುವುದಿಲ್ಲ. ಆದರೆ ಅಯಸ್ಕಾಂತದ ಎದುರು ಚಲಿಸುವಾಗ ಅದರೊಳಗೆ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ ವೇಗ ಸ್ವಲ್ಪ ತಗ್ಗುತ್ತದೆ. ಸರಿಯಾದ ವೇಗದ ನಾಣ್ಯ ಮಾತ್ರ ಸರಿಯಾದ ದಾರಿಗೆ ಬೀಳುತ್ತದೆ. ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಬರೆಯುವ ಪಾಠವನ್ನು ಅಲ್ಲೊಂದು ಚಿಕ್ಕ ತಗಡಿನ ಪೆಟ್ಟಿಗೆ ದಿನಕ್ಕೆ ನೂರಾರು ಸಲ ಮಾಡಿ ತೋರಿಸುತ್ತಿರುತ್ತದೆ. ಮಕ್ಕಳೇ, ಮನೆಗೆ ಹೋಗಿ ನಮ್ಮ ಒಂದು ರೂಪಾಯಿಯ ಸ್ಟೀಲ್ ನಾಣ್ಯವನ್ನು ಅಯಸ್ಕಾಂತಕ್ಕೆ ಹಿಡಿಯಿರಿ. ಅದು ಅಂಟುತ್ತದೆ. ಹಾಗಾದರೆ ಆ ಅಮೆರಿಕದ ಪೆಟ್ಟಿಗೆ ನಮ್ಮ ರೂಪಾಯಿಯನ್ನು ಏನು ಮಾಡುತ್ತಿತ್ತೆಂದು ನೀವೇ ಯೋಚಿಸಿ.

ಕೊನೆಗೆ ನಾಣ್ಯ ಒಂದು ತೆಳು ತಂತಿಯನ್ನು ತಟ್ಟಿ ಸ್ವಿಚ್ ಒತ್ತುತ್ತದೆ. ತಂತಿ ಬಾಗಿದರೆ ನಾಣ್ಯ ಹೋಗುತ್ತದೆ, ಆಟ ಶುರುವಾಗುವುದಿಲ್ಲ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡರೆ ಅಥವಾ ಯಾರೋ ತಂಪು ಪಾನೀಯ ಚೆಲ್ಲಿದರೆ ಒಳ್ಳೆಯ ನಾಣ್ಯವೂ ಹಿಂದಕ್ಕೆ ಬರುತ್ತದೆ. ಇವನ್ನೆಲ್ಲ ಸರಿಮಾಡಲು ಬೇಕಾದದ್ದು ಬಟ್ಟೆ, ಬ್ರಷ್, ತಾಳ್ಮೆ.

ಎರಡನೆಯ ಪಾಠ: ಏನು ಕೆಟ್ಟಿಲ್ಲ ಎಂದು ಕೇಳು

ಕೆಲಸ ಬಾರದವನು ಯಂತ್ರ ನಿಂತ ಕೂಡಲೇ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾನೆ. ಬಲ್ಲವನು ಮೊದಲು ಕೈಕಟ್ಟಿ ನಿಲ್ಲುತ್ತಾನೆ. ದೀಪ ಉರಿಯುತ್ತಿದೆಯೇ? ಶಬ್ದ ಬರುತ್ತಿದೆಯೇ? ಸುಟ್ಟ ವಾಸನೆ ಇದೆಯೇ? ಎಡ ಫ್ಲಿಪ್ಪರ್ ಸತ್ತಿದ್ದರೆ ಬಲದ್ದು ಆಡುತ್ತಿದೆಯೇ? ಬಲದ್ದು ಚೆನ್ನಾಗಿ ಆಡುತ್ತಿದ್ದರೆ ಅದಕ್ಕೆ ಶಕ್ತಿ ಬರುತ್ತಿದೆ ಎಂದಾಯಿತು. ಇಬ್ಬರಿಗೂ ಒಂದೇ ಮೂಲದಿಂದ ಕರೆಂಟ್ ಬರುವಲ್ಲಿ ಟ್ರಾನ್ಸ್‌ಫಾರ್ಮರ್ ಬಿಚ್ಚುವ ಅಗತ್ಯ ಉಳಿಯಲಿಲ್ಲ. ಒಂದೇ ಪ್ರಶ್ನೆಯಿಂದ ಅರ್ಧ ಯಂತ್ರ ಅನುಮಾನದಿಂದ ಹೊರಗೆ ಹೋಯಿತು.

ಇತ್ತೀಚಿನ ಯಂತ್ರಗಳಲ್ಲಿ ನಾಣ್ಯದ ಬಾಗಿಲ ಒಳಗೆ ಪರೀಕ್ಷೆಯ ಗುಂಡಿಗಳಿರುತ್ತವೆ. ಅವನ್ನು ಒತ್ತಿದರೆ ಯಂತ್ರ ತನ್ನ ಒಂದೊಂದು ಕಾಯಿಲನ್ನೂ ಸರದಿಯಂತೆ ಬಡಿದು ತೋರಿಸುತ್ತದೆ. ಒಂದು ಗುರಿ ಆಟದಲ್ಲಿ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಿ. ಪರೀಕ್ಷೆಯಲ್ಲಿ ಅದರ ಕಾಯಿಲ್ ಬಡಿದರೆ ಕಾಯಿಲೂ ಅದರ ವೈರೂ ಆರೋಗ್ಯವಾಗಿವೆ. ಗುಂಡು ಬಂದಿತೆಂದು ಸುದ್ದಿ ಕೊಡಬೇಕಾದ ಸ್ವಿಚ್ಚಿನ ಕಡೆ ತೊಂದರೆ. ಪರೀಕ್ಷೆಯಲ್ಲೂ ಬಡಿಯದಿದ್ದರೆ ಕಾಯಿಲಿನ ಕಡೆ ತೊಂದರೆ. ಹೀಗೆ ಅರ್ಧ, ಅರ್ಧದಲ್ಲಿ ಅರ್ಧ ಮಾಡುತ್ತ ಹೋದರೆ ಸಾವಿರ ಅಡಿ ವೈರಿನ ನಡುವೆ ಒಂದು ಬಿಟ್ಟುಹೋದ ಬೆಸುಗೆ ಸಿಗುತ್ತದೆ.

ಇನ್ನೊಂದು ಉದಾಹರಣೆ. ಅನೇಕ ಯಂತ್ರಗಳಲ್ಲಿ 64 ಸ್ವಿಚ್ಚುಗಳಿರಬಹುದು. ಒಂದೊಂದಕ್ಕೂ ಬೇರೆ ಬೇರೆ ವೈರು ಎಳೆದರೆ ವೈರಿನ ಕಾಡಾಗುತ್ತದೆ. ಆದ್ದರಿಂದ ಎಂಟು ಅಡ್ಡ ಸಾಲು, ಎಂಟು ಉದ್ದ ಸಾಲು ಮಾಡಿ 16 ವೈರಿನಲ್ಲೇ 64 ಸ್ವಿಚ್ಚುಗಳನ್ನು ಓದುತ್ತಾರೆ. ಪ್ರತಿ ಸ್ವಿಚ್ಚೂ ಒಂದು ಅಡ್ಡ ವೈರು, ಒಂದು ಉದ್ದ ವೈರು ಕೂಡುವ ಜಾಗ. ಒಂದರ ಸುದ್ದಿ ಇನ್ನೊಂದರ ದಾರಿಗೆ ನುಗ್ಗದಂತೆ ಪ್ರತಿಯೊಂದಕ್ಕೂ ಒಂದು ಡಯೋಡ್ ಕಾವಲಿರುತ್ತದೆ. ಒಂದೇ ಸ್ವಿಚ್ ಸತ್ತಿದ್ದರೆ ದೋಷ ಅದರಲ್ಲೇ: ಧೂಳು, ಬಾಗಿದ ಪಟ್ಟಿ, ಮುರಿದ ವೈರು. ಆದರೆ ಒಂದೇ ಸಾಲಿನ ಎಂಟೂ ಸತ್ತಿದ್ದರೆ ಎಂಟು ಸ್ವಿಚ್ಚುಗಳನ್ನು ಬಿಚ್ಚುವವನು ಮೂರ್ಖ. ಶಿಕ್ಷಕರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗ ಗೈರಾದರೆ ಅವನ ಮನೆಯಲ್ಲಿ ಏನೋ ಆಗಿದೆ. ಒಂದೇ ಊರಿನ ಎಂಟು ಮಕ್ಕಳೂ ಗೈರಾದರೆ ಆ ದಿನ ಬಸ್ಸು ಬಂದಿಲ್ಲ. ಎಂಟಕ್ಕೂ ಸಾಮಾನ್ಯವಾದ ವೈರನ್ನೋ ಅದರ ತುದಿಯ ಕನೆಕ್ಟರನ್ನೋ ನೋಡಬೇಕು. ಯಂತ್ರ ಸದಾ ಅದುರುತ್ತಿರುವುದರಿಂದ ಕನೆಕ್ಟರ್ ಪಿನ್ನಿನ ಬೆಸುಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರುಕು ಬಿಡುವುದುಂಟು. ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತ ಉಂಗುರದಂತೆ ಕಾಣುತ್ತದೆ.

ಮೂರನೆಯ ಪಾಠ: ಲಕ್ಷಣವೇ ರೋಗವಲ್ಲ

ಉರ್ದುವಿನಲ್ಲಿ ಎರಡು ಪದಗಳಿವೆ. ಅಲಾಮತ್ ಎಂದರೆ ಲಕ್ಷಣ, ಮರ್ಜ್ ಎಂದರೆ ರೋಗ. ಜ್ವರ ಅಲಾಮತ್, ಅದರ ಹಿಂದೆ ಮರ್ಜ್ ಬೇರೆ ಇರುತ್ತದೆ. ಯಂತ್ರದಲ್ಲಿ ಫ್ಯೂಸ್ ಸುಡುವುದು ಹಾಗೆ. ಫ್ಯೂಸ್ ರೋಗಿಯಲ್ಲ, ಕಾವಲುಗಾರ. ನಮ್ಮ ಮನೆಗಳಲ್ಲಿ ಪದೇ ಪದೇ ಫ್ಯೂಸ್ ಹೋದರೆ ದಪ್ಪ ತಂತಿ ಕಟ್ಟುವವರನ್ನು ನೀವು ನೋಡಿದ್ದೀರಿ. ಕಾವಲುಗಾರ ಕೂಗುತ್ತಾನೆಂದು ಅವನ ಬಾಯಿಗೆ ಬಟ್ಟೆ ತುರುಕಿದಂತೆ ಅದು. ಮುಂದಿನ ಸಲ ಫ್ಯೂಸ್ ಉಳಿಯುತ್ತದೆ, ಮನೆ ಸುಡುತ್ತದೆ.

ಫ್ಲಿಪ್ಪರಿನ ಕಥೆ ಕೇಳಿ. ಅದರ ಕಾಯಿಲಿನಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯ ಸುತ್ತು ಜೋರಾಗಿ ಹೊಡೆಯಲು. ತೆಳು ತಂತಿಯ ಉದ್ದ ಸುತ್ತು, ಎತ್ತಿದ ರೆಕ್ಕೆಯನ್ನು ಹಾಗೇ ಹಿಡಿದಿಡಲು. ಲೆಕ್ಕಕ್ಕಾಗಿ 50 ವೋಲ್ಟ್, ದಪ್ಪ ಸುತ್ತಿಗೆ 5 ಓಮ್, ತೆಳು ಸುತ್ತಿಗೆ 155 ಓಮ್ ಎಂದಿಟ್ಟುಕೊಳ್ಳಿ. ಹೊಡೆಯುವಾಗ ದಪ್ಪ ಸುತ್ತಿನಲ್ಲಿ ಮಾತ್ರ ಕರೆಂಟ್ ಹರಿಯುತ್ತದೆ: 10 ಆಂಪಿಯರ್, ಅಂದರೆ 500 ವಾಟ್. ಇಸ್ತ್ರಿ ಪೆಟ್ಟಿಗೆಯ ಶಕ್ತಿ, ಬೆರಳುದ್ದದ ಕಾಯಿಲಿನಲ್ಲಿ! ರೆಕ್ಕೆ ತುದಿ ಮುಟ್ಟಿದ ಕ್ಷಣ ಒಂದು ಸಣ್ಣ ಸ್ವಿಚ್ ತೆರೆದುಕೊಂಡು ಕರೆಂಟ್ ಎರಡೂ ಸುತ್ತುಗಳ ಮೂಲಕ ಹೋಗಬೇಕಾಗುತ್ತದೆ. ಈಗ ಒಟ್ಟು 160 ಓಮ್. ಶಕ್ತಿ ಸುಮಾರು 16 ವಾಟ್. ಕಾಯಿಲ್ ತಣ್ಣಗಿರುತ್ತದೆ. ಆ ಚಿಕ್ಕ ಸ್ವಿಚ್ ತೆರೆಯದೆ ಅಂಟಿಕೊಂಡರೆ? ಆಡುವವನು ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ 500 ವಾಟ್. ಮೊದಲು ವಾಸನೆ, ನಂತರ ಹೊಗೆ. ಅದೇ ಸ್ವಿಚ್ಚಿನ ತುದಿ ಕಪ್ಪಾಗಿ ಸರಿಯಾಗಿ ಕೂಡದಿದ್ದರೆ ಫ್ಲಿಪ್ಪರ್ ಮುದುಕನಂತೆ ಮೆಲ್ಲಗೆ ಏಳುತ್ತದೆ. ಸುಟ್ಟ ಕಾಯಿಲ್ ಬದಲಿಸಿ ಸ್ವಿಚ್ ನೋಡದೆ ಬಂದವನನ್ನು ವಾರದೊಳಗೆ ಮತ್ತೆ ಕರೆಯುತ್ತಾರೆ.

ಇತರ ಕಾಯಿಲುಗಳನ್ನು ಟ್ರಾನ್ಸಿಸ್ಟರ್ ನಡೆಸುತ್ತದೆ. ಕಾಯಿಲಿನ ಕರೆಂಟ್ ನಿಂತಾಗ ಅದು ತಿರುಗಿ ಒದೆಯುತ್ತದೆ. ಆ ಒದೆತವನ್ನು ನುಂಗಲು ಕಾಯಿಲಿನ ಮೇಲೆ ಒಂದು ಡಯೋಡ್ ಇದೆ. ಅದುರಿ ಅದುರಿ ಡಯೋಡಿನ ಕಾಲು ಮುರಿದರೆ ಒದೆತ ಟ್ರಾನ್ಸಿಸ್ಟರಿಗೆ ಬೀಳುತ್ತದೆ. ಟ್ರಾನ್ಸಿಸ್ಟರ್ ಸತ್ತು ‘ಆನ್’ ಸ್ಥಿತಿಯಲ್ಲೇ ಉಳಿದರೆ ಕಾಯಿಲ್ ಬಿಡುವಿಲ್ಲದೆ ಕಾಯುತ್ತದೆ, ಒಳಗಿನ ವಾರ್ನಿಷ್ ಸುಟ್ಟು ಸುತ್ತುಗಳು ಒಂದಕ್ಕೊಂದು ಕೂಡುತ್ತವೆ, ಫ್ಯೂಸ್ ಹೋಗುತ್ತದೆ. ಕಾಣುವುದು ಫ್ಯೂಸ್. ರೋಗ ಇರುವುದು ಮೂರು ಮೆಟ್ಟಿಲು ಹಿಂದೆ, ಎರಡು ರೂಪಾಯಿಯ ಡಯೋಡಿನಲ್ಲಿ. ಫ್ಯೂಸ್ ಮಾತ್ರ ಬದಲಿಸಿದರೆ ಮತ್ತೆ ಹೋಗುತ್ತದೆ. ಟ್ರಾನ್ಸಿಸ್ಟರ್ ಮಾತ್ರ ಬದಲಿಸಿದರೆ ಸುಟ್ಟ ಕಾಯಿಲು ಹೊಸದನ್ನೂ ಕೊಲ್ಲುತ್ತದೆ. ಅದಕ್ಕೇ ಹೊಸ ಟ್ರಾನ್ಸಿಸ್ಟರ್ ಹಾಕುವ ಮೊದಲು ಕಾಯಿಲಿನ ಓಮ್ ಅಳೆ, ಡಯೋಡ್ ನೋಡು ಎಂಬುದು ಈ ಕಸುಬಿನ ನಿಯಮ. ಪರೀಕ್ಷೆಯಲ್ಲಿ ಫೇಲಾದ ಮಗುವನ್ನು ನೋಡಿದಾಗಲೂ ನಮಗೆ ಈ ನಿಯಮ ನೆನಪಿಗೆ ಬಂದರೆ ಒಳ್ಳೆಯದು.

ನಾಲ್ಕನೆಯ ಪಾಠ: ಏನು ಮಾಡಬಾರದು

ಕೈಯಲ್ಲಿ ಎಣ್ಣೆ ಡಬ್ಬಿ ಇದ್ದರೆ ಎಲ್ಲೆಡೆ ಬಿಡಬೇಕೆನಿಸುತ್ತದೆ. ಕಾಯಿಲಿನೊಳಗಿನ ನೈಲಾನ್ ಕೊಳವೆ ಒಣಗಿಯೇ ಇರಬೇಕು. ಎಣ್ಣೆ ಬಿದ್ದರೆ ಧೂಳು ಕೂತು ಅಂಟಾಗಿ ಒಳಗಿನ ಕಬ್ಬಿಣದ ಸರಳು ಸಿಕ್ಕಿಕೊಳ್ಳುತ್ತದೆ. ಫ್ಲಿಪ್ಪರಿನ ಗಟ್ಟಿ ಟಂಗ್‌ಸ್ಟನ್ ತುದಿಗಳನ್ನು ಅರದಿಂದ ಉಜ್ಜಬಹುದು. ಆದರೆ ಚಿನ್ನದ ಲೇಪದ ಸೂಕ್ಷ್ಮ ತುದಿಗಳನ್ನು ಉಜ್ಜಿದರೆ ಲೇಪ ಹೋಗಿ ಶಾಶ್ವತವಾಗಿ ಕೆಡುತ್ತವೆ. ಅವುಗಳ ನಡುವೆ ಒಂದು ಒಣ ರಟ್ಟಿನ ಚೀಟಿ ಇಟ್ಟು ಎಳೆದರೆ ಸಾಕು.

ವಿಡಿಯೋ ಆಟದ ಹಳೆಯ ಯಂತ್ರಗಳಲ್ಲಿ ದಪ್ಪ ಗಾಜಿನ ಚಿತ್ರನಳಿಕೆ ಇರುತ್ತದೆ, ನಮ್ಮ ಹಳೆಯ ಟಿವಿಗಳಲ್ಲಿ ಇದ್ದಂತೆ. ಅದರಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಕಲಿಸುವವರು ಪಕ್ಕದಲ್ಲಿಲ್ಲದೆ ಅಂಥದ್ದನ್ನು ತೆರೆಯಬೇಡಿ. ಧೈರ್ಯ ಬೇರೆ, ಅಜ್ಞಾನ ಬೇರೆ.

ಇನ್ನೊಂದು, ಸುಮ್ಮನೆ ಬಿಟ್ಟರೂ ಯಂತ್ರ ಕೆಡುತ್ತದೆ. 1977ರಿಂದ ಬ್ಯಾಲಿ ಕಂಪನಿಯ ಯಂತ್ರಗಳಲ್ಲಿ ಗಣಕದ ಹಲಗೆಯ ಮೇಲೆಯೇ ಒಂದು ಚಿಕ್ಕ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು, ಹೆಚ್ಚಿನ ಅಂಕಗಳ ನೆನಪು ಉಳಿಯಲೆಂದು. ವರ್ಷಗಳು ಕಳೆದಂತೆ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದಿತು. ಸೋರಿದ್ದು ಕ್ಷಾರ, ಆದ್ದರಿಂದ ಬ್ಯಾಟರಿ ಕತ್ತರಿಸಿ ತೆಗೆದು, ನೀರು ಬೆರೆಸಿದ ವಿನೆಗರ್‌ನಿಂದ ತೊಳೆದು, ಮತ್ತೆ ಶುದ್ಧ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಹೊಸ ಬ್ಯಾಟರಿಯನ್ನು ಹಲಗೆಯಿಂದ ದೂರ ಇಡುತ್ತಾರೆ. ಆಮ್ಲ ಕ್ಷಾರಗಳ ಪಾಠ ಅಂಕಕ್ಕಾಗಿ ಮಾತ್ರ ಇರುವುದೆಂದು ಯಾರು ಹೇಳಿದರು?

ಯಂತ್ರ ತಾನೇ ಹೇಳುವ ಮಾತು

ಅದೇ ಬ್ಯಾಲಿ ಹಲಗೆಯ ಮೇಲೆ ಒಂದು ಚಿಕ್ಕ ಕೆಂಪು ದೀಪವಿದೆ. ಸ್ವಿಚ್ ಹಾಕಿದಾಗ ಯಂತ್ರ ತನ್ನ ಭಾಗಗಳನ್ನು ಒಂದೊಂದಾಗಿ ತಾನೇ ಪರೀಕ್ಷಿಸಿಕೊಂಡು, ಒಂದೊಂದು ಪಾಸಾದಂತೆ ದೀಪ ಒಮ್ಮೆ ಮಿನುಗಿಸುತ್ತದೆ. ಏಳು ಮಿಂಚು ಬಂದರೆ ಯಂತ್ರ ಆಟಕ್ಕೆ ಸಿದ್ಧ. ಮೂರಕ್ಕೆ ನಿಂತರೆ ನಾಲ್ಕನೆಯ ಪರೀಕ್ಷೆ ಫೇಲು. ಅದು ಯಾವ ಚಿಪ್ಪಿನದೆಂದು ಕೈಪಿಡಿಯಲ್ಲಿ ಬರೆದಿದೆ. ಮಾಡಿದವರು ಮುಂದೆ ಎಂದೋ ಬರುವ ಗುರುತಿಲ್ಲದ ಮೆಕ್ಯಾನಿಕ್‌ಗಾಗಿ ಹೀಗೊಂದು ಪತ್ರ ಬರೆದಿಟ್ಟು ಹೋದರು. ಬ್ಯಾಲಿಯ ಪಿನ್‌ಬಾಲ್ ವಿಭಾಗ 1988ರಲ್ಲಿ ವಿಲಿಯಮ್ಸ್ ಕಂಪನಿಯ ಪಾಲಾಯಿತು. ವಿಲಿಯಮ್ಸ್ ಕೂಡ 1999ರಲ್ಲಿ ಪಿನ್‌ಬಾಲ್ ಮಾಡುವುದನ್ನು ನಿಲ್ಲಿಸಿತು. ಆದರೂ ಆ ಯಂತ್ರಗಳು ಇಂದಿಗೂ ಓಡುತ್ತಿವೆ. ಕಾರಣ, ನಕ್ಷೆ ಮತ್ತು ಕೈಪಿಡಿ ಉಳಿದಿವೆ. ಅವನ್ನು ಓದಬಲ್ಲವರೂ ಉಳಿದಿದ್ದಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಹಿರಿಯರು ವಿದ್ಯೆಯನ್ನು ಎರಡಾಗಿ ಹೇಳುತ್ತಿದ್ದರು: ಇಲ್ಮ್-ಎ-ಸೀನಾ, ಎದೆಯಿಂದ ಎದೆಗೆ ದಾಟುವ ವಿದ್ಯೆ, ಇಲ್ಮ್-ಎ-ಸಫೀನಾ, ಪುಸ್ತಕದಲ್ಲಿರುವ ವಿದ್ಯೆ. ನಮ್ಮ ಊರುಗಳ ಗ್ಯಾರೇಜು, ವೈಂಡಿಂಗ್ ಅಂಗಡಿ, ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಮೊದಲನೆಯದು ಧಾರಾಳವಾಗಿದೆ. ಉಸ್ತಾದರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನ ಕೈ ಹತ್ತು ವರ್ಷದಲ್ಲಿ ಚಿನ್ನದ ಕೈಯಾಗುತ್ತದೆ. ಆದರೆ ಅವನು ನೋಡದ ಹೊಸ ಯಂತ್ರ ಬಂದ ದಿನ ನಿಂತುಬಿಡುತ್ತಾನೆ, ಏಕೆಂದರೆ ನಕ್ಷೆ ಓದಲು ಅವನಿಗೆ ಯಾರೂ ಕಲಿಸಲಿಲ್ಲ. ಇತ್ತ ನಮ್ಮ ತರಗತಿಗಳಲ್ಲಿ ಓಮ್‌ನ ನಿಯಮವನ್ನು ತಪ್ಪಿಲ್ಲದೆ ಬರೆದು ನೂರಕ್ಕೆ ತೊಂಬತ್ತು ಪಡೆದ ಮಗು ಒಮ್ಮೆಯೂ ಮೀಟರ್ ಹಿಡಿದಿರುವುದಿಲ್ಲ. ಇಬ್ಬರಲ್ಲೂ ಅರ್ಧ ಅರ್ಧ ವಿದ್ಯೆ. ಮೊದಲನೆಯವನನ್ನು ನಾವು ‘ಓದು ಹತ್ತಲಿಲ್ಲ’ ಎಂದು ಕರೆಯುತ್ತೇವೆ. ನಿಜವೆಂದರೆ ದಿನವಿಡೀ ಅವನು ಓದುತ್ತಲೇ ಇದ್ದಾನೆ. ಅವನ ಓದಿಗೆ ಅಕ್ಷರದ ಬೆಂಬಲ ಸಿಗುವ ಮೊದಲೇ ನಾವು ಅವನ ಕೈ ಬಿಟ್ಟೆವು.

ನಾನು ಹೇಳಿದ ವಿದ್ಯಾರ್ಥಿ ಕೆಲಸಕ್ಕೆ ಸೇರಿದಾಗ ಅವನ ಜೊತೆ ಇನ್ನೊಬ್ಬ ಹುಡುಗನೂ ಸೇರಿದ್ದನಂತೆ. ‘ಸರ್, ಅವನ ಕೈ ನನ್ನದಕ್ಕಿಂತ ಚೆನ್ನಾಗಿತ್ತು’ ಎಂದು ಇವನೇ ಹೇಳಿದ. ಆದರೆ ಇವನು ರಾತ್ರಿ ಕೋಣೆಯಲ್ಲಿ ನಿಘಂಟು ಇಟ್ಟುಕೊಂಡು ಕೈಪಿಡಿಯ ದಿನಕ್ಕೆರಡು ಪುಟ ಓದಿದ. ಆ ಹುಡುಗ ಇಂದಿಗೂ ಸಹಾಯಕ, ಇವನು ಟೆಕ್ನಿಷಿಯನ್. ಸಂಬಳದಲ್ಲಿ ವ್ಯತ್ಯಾಸವಿದೆ, ಮನೆಯಲ್ಲಿ ತಂಗಿಯರ ಓದಿನಲ್ಲೂ ಆ ವ್ಯತ್ಯಾಸ ಕಾಣುತ್ತಿದೆ. ಇದನ್ನು ಕೇಳಿ ನನಗೆ ಸಂತೋಷಕ್ಕಿಂತ ಆ ಇನ್ನೊಬ್ಬ ಹುಡುಗನ ಯೋಚನೆಯೇ ಹೆಚ್ಚಾಯಿತು. ಅವನೂ ಯಾವುದೋ ಶಾಲೆಯ ಬೆಂಚಿನಿಂದ ಎದ್ದು ಹೋದವನೇ ತಾನೇ?

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮೂರು ವಿನಂತಿಗಳಿವೆ. ಒಂದು, ವಿದ್ಯಾರ್ಥಿವೇತನದ ಪಟ್ಟಿ ಮಾಡುವಾಗ ಐಟಿಐ ಮತ್ತು ಡಿಪ್ಲೊಮಾ ಮಕ್ಕಳನ್ನು ಕೊನೆಯ ಸಾಲಿನಲ್ಲಿ ಇಡಬೇಡಿ. ಹೆಣ್ಣುಮಕ್ಕಳನ್ನೂ ಆ ದಾರಿಗೆ ಪ್ರೋತ್ಸಾಹಿಸಿ. ಬೆಸುಗೆಯ ಕೆಲಸಕ್ಕೆ ಬೇಕಾದದ್ದು ತೋಳಿನ ಬಲವಲ್ಲ, ಸ್ಥಿರವಾದ ಕೈ. ಎರಡು, ಪ್ರತಿ ಶಾಲೆಗೆ ಒಂದೆರಡು ಮಲ್ಟಿಮೀಟರ್ ಕೊಡಿಸಿ. ಕೆಲವು ನೂರು ರೂಪಾಯಿಯ ಮಾತು. ಬ್ಯಾಟರಿಯಿಂದ ಓಡುತ್ತಿದ್ದ ಹಳೆಯ ರೇಡಿಯೋ, ಆಟಿಕೆ, ಟಾರ್ಚುಗಳನ್ನು ಗುಜರಿಗೆ ಹಾಕುವ ಮೊದಲು ಶಾಲೆಗೆ ಕೊಡಿ; ಶಿಕ್ಷಕರ ಎದುರು ಮಕ್ಕಳು ಬಿಚ್ಚಿ ನೋಡಲಿ. ಮೂರು, ಇದು ನಮ್ಮಂಥ ಭಾಷಾ ಶಿಕ್ಷಕರ ಹೊಣೆ: ಕೈಪಿಡಿಗಳಲ್ಲಿ ಪದೇ ಪದೇ ಬರುವ ಇನ್ನೂರು ಮುನ್ನೂರು ಪದಗಳಿಗೆ ಕನ್ನಡ ಮತ್ತು ಉರ್ದುವಿನಲ್ಲಿ ಅರ್ಥ ಕೊಡುವ ಒಂದು ಕಿರುಪುಸ್ತಕ ಮಾಡೋಣ. ಗ್ಯಾರೇಜಿನ ಹುಡುಗನ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು. ಆ ಕೆಲಸಕ್ಕೆ ನನ್ನ ಬಿಡುವಿನ ವೇಳೆಯನ್ನು ಕೊಡಲು ಸಿದ್ಧನಿದ್ದೇನೆ. ಇನ್ನಿಬ್ಬರು ಮೂವರು ಜೊತೆಗೂಡಿದರೆ ಒಂದು ವರ್ಷದಲ್ಲಿ ಮುಗಿಸಬಹುದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ಏನು ಕಂಡಿತು, ಏನೆಂದು ಊಹಿಸಿದೆ, ಕೊನೆಗೆ ಏನು ಸಿಕ್ಕಿತು. ಮನೆಯಲ್ಲಿ ಸೈಕಲ್ ಕೆಟ್ಟರೂ, ಟಾರ್ಚ್ ಉರಿಯದಿದ್ದರೂ, ಲೆಕ್ಕಕ್ಕೆ ಉತ್ತರ ಬರದಿದ್ದರೂ ಅದರಲ್ಲಿ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಬಿಚ್ಚುವ ಮೊದಲು ವೈರು ಎಲ್ಲಿತ್ತೆಂದು ಚಿತ್ರ ಬರೆದುಕೊಳ್ಳಿ. ವರ್ಷದ ಕೊನೆಗೆ ಆ ನೋಟ್‌ಬುಕ್ ತಿರುವಿ ನೋಡಿದರೆ, ನಿಮ್ಮ ಊಹೆಗಳು ಎಲ್ಲೆಲ್ಲಿ ಎಡವುತ್ತವೆಂದು ನಿಮಗೇ ಕಾಣುತ್ತದೆ. ಬೇರೆ ಯಾವ ಮೇಷ್ಟ್ರೂ ನಿಮಗೆ ಅಷ್ಟು ನಿಖರವಾಗಿ ಹೇಳಲಾರರು.

ಕಿರುಪುಸ್ತಕದ ಕೆಲಸಕ್ಕೆ ಕೈಜೋಡಿಸುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು; ಪುಟದ ಮೇಲೆ ಓದುತ್ತಿರುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕು.